ಬಿಸಿಲಿಗೆ ಬ್ಯಾಟರಿ ಕೈಕೊಟ್ಟರೆ ಹೊಸದು ತರುವ ಮೊದಲು ಅಳೆದು ನೋಡಿ

ಕೀ ತಿರುಗಿಸಿದರೆ ‘ಕಟ್’ ಅಂತ ಒಂದು ಸದ್ದು, ಅಷ್ಟೇ. ಬೇಸಿಗೆಯಲ್ಲಿ ಹೀಗಾದ ಕೂಡಲೇ ಹೆಚ್ಚಿನವರು ಹೊಸ ಬ್ಯಾಟರಿ ಹಾಕಿಸಿಬಿಡುತ್ತಾರೆ. ಸ್ವಲ್ಪ ದಿನ ಗಾಡಿ ಚೆನ್ನಾಗಿ ಓಡುತ್ತದೆ. ಆಮೇಲೆ ಮತ್ತೆ ಅದೇ ‘ಕಟ್’. ಗಾಡಿಗಳ ವೈರಿಂಗ್ ಕೆಲಸ ಮಾಡುವ ನನಗೆ ಇದನ್ನು ಕಂಡಾಗಲೆಲ್ಲ ಸಂಕಟ ಆಗುತ್ತದೆ. ದುಡ್ಡು ಹೋಯಿತು, ಕಾಯಿಲೆ ಹಾಗೇ ಉಳಿಯಿತು ಅಲ್ವಾ?

ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಸಾಕು. ದೋಷ ಬ್ಯಾಟರಿಯಲ್ಲಿದೆಯೋ, ಇಂಜಿನ್ ಓಡುವಾಗ ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್‌ನಲ್ಲಿದೆಯೋ, ಎರಡರ ನಡುವಿನ ವೈರಿನಲ್ಲಿದೆಯೋ ಅಂತ ನೀವೇ ಕಂಡುಹಿಡಿಯಬಹುದು. ಒಂದೇ ಮಾತು ನೆನಪಿರಲಿ. ಬಿಸಿ ಹವೆಯಲ್ಲಿ ಮೀಟರ್ ತೋರಿಸುವ ಅಂಕಿಯನ್ನು ಒಂದೇ ಓದಬಾರದು, ಆ ಹೊತ್ತಿನ ಬಿಸಿಯನ್ನೂ ಜೊತೆಗೆ ಓದಬೇಕು. ಬೆಳಿಗ್ಗೆ ತಣ್ಣಗಿರುವಾಗ ಒಂದು ಸಲ, ಮಧ್ಯಾಹ್ನ ಇಂಜಿನ್ ಕಾದಿರುವಾಗ ಇನ್ನೊಂದು ಸಲ ಅಳೆಯಿರಿ. ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿದಾಗಲೇ ವಿಷಯ ಗೊತ್ತಾಗುವುದು.

ಬಿಸಿ ಮಾಡುವ ಹಾನಿ

ಚಳಿಗೆ ಬ್ಯಾಟರಿ ಹಾಳಾಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ನಿಜವಾಗಿ ಹಾಳು ಮಾಡುವುದು ಬಿಸಿ. ಲೆಡ್ ಆಸಿಡ್ ಬ್ಯಾಟರಿಯ ಬಿಸಿ 10 ಡಿಗ್ರಿ ಏರಿದರೆ ಅದರೊಳಗಿನ ರಾಸಾಯನಿಕ ಕ್ರಿಯೆ ಹೆಚ್ಚುಕಮ್ಮಿ ಎರಡು ಪಟ್ಟು ವೇಗವಾಗುತ್ತದೆ, ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಹಳೆಯ ಲೆಕ್ಕ. ಪಾಸಿಟಿವ್ ಪ್ಲೇಟಿನ ಜಾಲರಿ ತಿಂದುಹೋಗುತ್ತದೆ, ನೀರು ಆರುತ್ತದೆ, ಗಾಡಿ ಸುಮ್ನೆ ನಿಂತಿದ್ದರೂ ಚಾರ್ಜ್ ಬೇಗ ಇಳಿಯುತ್ತದೆ.

ಇದರಲ್ಲಿ ಮೋಸದ ಭಾಗ ಒಂದಿದೆ. ಬೆಚ್ಚಗಿರುವ ಬ್ಯಾಟರಿ ಕರೆಂಟ್ ಚೆನ್ನಾಗಿ ಕೊಡುತ್ತದೆ, ಬೆಚ್ಚಗಿನ ಇಂಜಿನ್ ಆಯಿಲ್ ಕೂಡ ತೆಳ್ಳಗಿರುತ್ತದೆ. ಹಾಗಾಗಿ ಒಳಗೆ ಅರ್ಧ ಸತ್ತ ಬ್ಯಾಟರಿಯೂ ಸೆಲ್ಫ್ ಅನ್ನು ಗಿರ್ರನೆ ತಿರುಗಿಸುತ್ತದೆ. ಚಳಿಯಲ್ಲಾದರೆ ಸೆಲ್ಫ್ ನಿಧಾನವಾಗಿ ಎಳೆದು ಮೊದಲೇ ಸೂಚನೆ ಕೊಡುತ್ತದೆ. ಬಿಸಿಲಲ್ಲಿ ಆ ಸೂಚನೆಯೂ ಸಿಗುವುದಿಲ್ಲ. ನಿನ್ನೆ ಸರಿ ಇತ್ತು, ಇವತ್ತು ಪೂರ್ತಿ ಸತ್ತಿದೆ ಅಂತ ಜನ ಹೇಳುವುದು ಇದಕ್ಕೇ.

ಕೈ ಹಾಕುವ ಮೊದಲು

ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಉಂಗುರ, ವಾಚು, ಬಳೆ ತೆಗೆದಿಡಿ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಬಿಸಿಯಲ್ಲಿ ಇನ್ನೂ ಜಾಸ್ತಿ. ಹತ್ತಿರ ಬೆಂಕಿ, ಬೀಡಿ, ಕಿಡಿ ಯಾವುದೂ ಬೇಡ. ಟರ್ಮಿನಲ್ ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಬ್ಯಾಟರಿ ಊದಿಕೊಂಡಿದ್ದರೆ ಅಥವಾ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿದ್ದರೆ ಜಂಪ್ ಸ್ಟಾರ್ಟ್ (ಬೇರೆ ಬ್ಯಾಟರಿಗೆ ಕೇಬಲ್ ಜೋಡಿಸಿ ಸ್ಟಾರ್ಟ್ ಮಾಡುವುದು) ಮಾಡಲೇಬೇಡಿ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಆಲ್ಟರ್ನೇಟರ್ ಸರಿ ಇದೆಯಾ ಅಂತ ನೋಡಲು ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು ನೋಡುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಮಾಡಬೇಡಿ. ಆ ಕ್ಷಣದಲ್ಲಿ ವೋಲ್ಟೇಜ್ ಚಿಮ್ಮಿ ಆಲ್ಟರ್ನೇಟರ್‌ನ ಡಯೋಡ್ (ಕರೆಂಟನ್ನು ಒಂದೇ ಕಡೆಗೆ ಬಿಡುವ ಬಿಡಿಭಾಗ), ಗಾಡಿಯ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಸುಟ್ಟುಹೋಗಬಹುದು. ಕಾರ್ಬ್ಯುರೇಟರ್ ಕಾಲದ ಗಾಡಿಗಳಲ್ಲಿ ಅದು ಹೇಗೋ ನಡೆದುಹೋಯಿತು, ಈಗಿನವುಗಳಲ್ಲಿ ನಡೆಯುವುದಿಲ್ಲ.

ಮೀಟರ್‌ನ ಒಳಗಿನ ಸಣ್ಣ ಬ್ಯಾಟರಿಯನ್ನೂ ಗಮನಿಸಿ. ಅದು ಇಳಿದಿದ್ದರೆ ಎಷ್ಟೋ ಮೀಟರ್‌ಗಳು ಇರುವುದಕ್ಕಿಂತ ಜಾಸ್ತಿ ತೋರಿಸುತ್ತವೆ. ಪರದೆಯಲ್ಲಿ ಬ್ಯಾಟರಿ ಗುರುತು ಬಂದಿದ್ದರೆ ಮೊದಲು ಅದನ್ನು ಬದಲಿಸಿ.

ಮೊದಲು ಕಣ್ಣು, ಆಮೇಲೆ ಮೀಟರ್

ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದೆಯಾ ನೋಡಿ. ಕ್ಲ್ಯಾಂಪ್ ಹಿಡಿದು ಕೈಯಲ್ಲಿ ತಿರುಗಿಸಿ. ಕೈಗೆ ಅಲ್ಲಾಡಿದರೆ ಅದು ಸಡಿಲ ಅಂತಲೇ ಅರ್ಥ. ಬೆಲ್ಟಿನ ಒಳಮೈ ಗಾಜಿನ ಹಾಗೆ ಹೊಳೆಯುತ್ತಿದ್ದರೆ, ಎಸಿ ಹಾಕಿದ ಕೂಡಲೇ ಕೀಚ್ ಅಂತ ಕೂಗಿದರೆ ಬೆಲ್ಟ್ ಜಾರುತ್ತಿದೆ. ಇಗ್ನಿಷನ್ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ದೀಪ ಹತ್ತಬೇಕು, ಇಂಜಿನ್ ಸ್ಟಾರ್ಟ್ ಆದಮೇಲೆ ಆರಬೇಕು. ಹತ್ತಲೇ ಇಲ್ಲ ಅಂದರೆ ಖುಷಿಪಡಬೇಡಿ. ಹಳೆಯ ಮಾದರಿಯ ಗಾಡಿಗಳಲ್ಲಿ ಆ ದೀಪದ ಮೂಲಕವೇ ಆಲ್ಟರ್ನೇಟರ್‌ಗೆ ಮೊದಲ ಕರೆಂಟ್ ಹೋಗುತ್ತದೆ. ಆ ಬಲ್ಬ್ ಹೋಗಿದ್ದರೆ ಕೆಲವು ಆಲ್ಟರ್ನೇಟರ್‌ಗಳು ಚಾರ್ಜ್ ಮಾಡಲು ಶುರುವನ್ನೇ ಮಾಡುವುದಿಲ್ಲ.

ಬ್ಯಾಟರಿಯ ಮೇಲೆ ಧೂಳು, ಆಸಿಡ್ ಪಸೆ ಸೇರಿ ಒಂದು ಪದರ ಕಟ್ಟುತ್ತದೆ. ಮೀಟರ್‌ನ ಕಪ್ಪು ವೈರನ್ನು ನೆಗೆಟಿವ್ ಟರ್ಮಿನಲ್‌ಗೆ ಇಟ್ಟು, ಕೆಂಪು ವೈರಿನ ತುದಿಯನ್ನು ಬ್ಯಾಟರಿಯ ಮೇಲ್ಮೈ ಮೇಲೆ ಓಡಿಸಿ. ಅಲ್ಲಿ ಅರ್ಧ ವೋಲ್ಟ್ ಬಂದರೂ ಆ ಪದರದಲ್ಲೇ ಕರೆಂಟ್ ಸೋರುತ್ತಿದೆ. ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಒರೆಸಿ ಒಣಗಿಸಿ. ಸೋಡಾ ನೀರು ಒಂದು ಹನಿಯೂ ಸೆಲ್ ಒಳಗೆ ಹೋಗಬಾರದು.

ನಿಂತ ಬ್ಯಾಟರಿಯ ವೋಲ್ಟೇಜ್

ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಅಳೆದರೆ ಒಳ್ಳೆಯದು. ಆಗುವುದಿಲ್ಲ ಅಂದರೆ ಎರಡು ನಿಮಿಷ ಹೆಡ್‌ಲೈಟ್ ಹಾಕಿ, ಆರಿಸಿ, ಐದು ನಿಮಿಷ ಬಿಟ್ಟು ಅಳೆಯಿರಿ. ಆಗ ಮೇಲೆ ಮೇಲೆ ನಿಂತಿರುವ ಸುಳ್ಳು ಚಾರ್ಜ್ ಇಳಿದಿರುತ್ತದೆ.

12.6 ಅಥವಾ ಅದಕ್ಕಿಂತ ಮೇಲಿದ್ದರೆ ಬ್ಯಾಟರಿ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗ. 12.4ರ ಕೆಳಗೆ ದಿನಗಟ್ಟಲೆ ನಿಂತ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಬಿಸಿಯಲ್ಲಿ ಇನ್ನೂ ಬೇಗ. ಎಷ್ಟು ಚಾರ್ಜ್ ಮಾಡಿದರೂ 10.5ರ ಆಸುಪಾಸಿನಲ್ಲೇ ನಿಂತರೆ ಆರರಲ್ಲಿ ಒಂದು ಸೆಲ್ ಶಾರ್ಟ್ ಆಗಿದೆ. ಅದಕ್ಕೆ ರಿಪೇರಿ ಇಲ್ಲ, ಬದಲಿಸಲೇಬೇಕು.

ಮುಚ್ಚಳ ಬಿಚ್ಚುವ ಬ್ಯಾಟರಿಯಾದರೆ ಹೈಡ್ರೋಮೀಟರ್‌ನಲ್ಲಿ ಗ್ರಾವಿಟಿ, ಅಂದರೆ ಆಸಿಡ್ ನೀರಿಗಿಂತ ಎಷ್ಟು ಪಟ್ಟು ಸಾಂದ್ರ ಅನ್ನುವುದನ್ನು, ನೋಡುವುದು ವೋಲ್ಟೇಜಿಗಿಂತಲೂ ನಂಬಿಕೆಯ ಪರೀಕ್ಷೆ. ಇಲ್ಲಿಯೂ ಬಿಸಿಯ ಲೆಕ್ಕ ಬೇಕು. ಹೈಡ್ರೋಮೀಟರ್‌ನ ಅಂಕಿ 27 ಡಿಗ್ರಿಗೆ ಹೊಂದಿಸಿದ್ದು. ಅದಕ್ಕಿಂತ ಪ್ರತಿ 5.5 ಡಿಗ್ರಿ ಜಾಸ್ತಿಗೆ 0.004 ಕೂಡಿಸಬೇಕು. ಆಸಿಡ್ 49 ಡಿಗ್ರಿ ಇದ್ದು 1.234 ಕಂಡರೆ ನಿಜವಾದ ಗ್ರಾವಿಟಿ 1.250. ತುಂಬಿದ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 1.265 ಇರುತ್ತದೆ. ಬಿಸಿ ನಾಡುಗಳಿಗೆ ಅಂತಲೇ ಮಾಡಿದ ಬ್ಯಾಟರಿಗಳಲ್ಲಿ ಆಸಿಡ್ ಸ್ವಲ್ಪ ತೆಳು ಇರುತ್ತದೆ, 1.240ರ ಹತ್ತಿರವೇ ಪೂರ್ತಿ ಅಂತ ಲೆಕ್ಕ. ಹಾಗಾಗಿ ಬ್ಯಾಟರಿಯ ಜೊತೆ ಬಂದ ಕಾಗದ ಓದದೆ ಚಾರ್ಜ್ ಕಮ್ಮಿ ಅಂತ ತೀರ್ಮಾನ ಮಾಡಬೇಡಿ. ನಾನು ಹೆಚ್ಚು ಗಮನ ಕೊಡುವುದು ಸೆಲ್‌ಗಳ ನಡುವಿನ ವ್ಯತ್ಯಾಸಕ್ಕೆ. ಒಂದು ಸೆಲ್ ಉಳಿದವುಗಳಿಗಿಂತ 0.050 ಕೆಳಗಿದ್ದರೆ ಅದು ಹೋದ ಹಾಗೆಯೇ.

ಬ್ಯಾಟರಿಯ ಮೇಲಿರುವ, ಚಾರ್ಜ್ ತೋರಿಸುವ ಹಸಿರು ಕಣ್ಣು ಇಂಥ ಹೊತ್ತಿನಲ್ಲಿ ದಾರಿ ತಪ್ಪಿಸುತ್ತದೆ. ಅದು ನೋಡುವುದು ಒಂದೇ ಸೆಲ್ ಅನ್ನು. ಉಳಿದ ಐದರ ವಿಷಯ ಅದಕ್ಕೆ ಗೊತ್ತಿಲ್ಲ.

ನೀರು ಹಾಕುವುದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಅದೂ ಚಾರ್ಜ್ ಆದಮೇಲೆ. ಪ್ಲೇಟು ಹೊರಗೆ ಕಾಣುತ್ತಿದ್ದರೆ ಮಾತ್ರ ಮೊದಲು ಪ್ಲೇಟು ಮುಳುಗುವಷ್ಟು ಹಾಕಿ, ಚಾರ್ಜ್ ಮಾಡಿ, ಉಳಿದದ್ದು ಆಮೇಲೆ. ಆಸಿಡ್ ಸುರಿಯಬೇಡಿ. ಆರಿಹೋಗಿರುವುದು ನೀರು, ಆಸಿಡ್ ಅಲ್ಲ.

ಸೆಲ್ಫ್ ಹೊಡೆಯುವಾಗ

ಮೀಟರ್ ಬ್ಯಾಟರಿಗೆ ಹಿಡಿದುಕೊಂಡು ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಬ್ಯಾಟರಿ 12.4ಕ್ಕಿಂತ ಮೇಲೆ ಇದ್ದಾಗ ಮಾತ್ರ ಈ ಪರೀಕ್ಷೆಗೆ ಬೆಲೆ. ಹದವಾದ ಹವೆಯಲ್ಲಿ 9.6 ವೋಲ್ಟಿನವರೆಗೆ ಇಳಿದರೂ ಪರವಾಗಿಲ್ಲ ಅನ್ನುತ್ತಾರೆ. ಬಿಸಿಲಲ್ಲಿ ನಾನು ಅಷ್ಟು ಸಲಿಗೆ ಕೊಡುವುದಿಲ್ಲ. ಕಾದ ಬ್ಯಾಟರಿ 10ರ ಕೆಳಗೆ ಹೋದರೆ ಅದರ ದಿನ ಮುಗಿಯುತ್ತಾ ಬಂತು ಅಂತಲೇ ತಿಳಿಯುತ್ತೇನೆ.

ಬಿಸಿಲಿನ ಇನ್ನೊಂದು ತೊಂದರೆ ಇಲ್ಲೇ ಸಿಕ್ಕಿಬೀಳುತ್ತದೆ. ಗಾಡಿ ದೂರ ಓಡಿ ನಿಂತಿದೆ, ಇಪ್ಪತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ‘ಕಟ್’ ಮಾತ್ರ. ಆ ಕ್ಷಣ ಮೀಟರ್ 12ರ ಮೇಲೆಯೇ ನಿಂತಿದ್ದರೆ, ಹೆಡ್‌ಲೈಟ್ ಮಂಕಾಗದಿದ್ದರೆ ಬ್ಯಾಟರಿ ನಿರಪರಾಧಿ. ಕರೆಂಟ್ ಸೆಲ್ಫ್ ಮೋಟರಿನವರೆಗೆ ಹೋಗುತ್ತಲೇ ಇಲ್ಲ. ಇಂಜಿನ್ ಬಿಸಿಗೆ ಸೊಲೆನಾಯ್ಡ್ (ಸೆಲ್ಫ್ ಮೋಟರಿಗೆ ಕರೆಂಟ್ ಬಿಡುವ ಸ್ವಿಚ್) ಕಾಯಿಲಿನ ತಡೆ ಏರಿರುತ್ತದೆ, ಇಲ್ಲವೇ ಒಳಗಿನ ಕಾಂಟ್ಯಾಕ್ಟ್ ಸುಟ್ಟಿರುತ್ತದೆ, ಇಲ್ಲವೇ ದಪ್ಪ ಕೇಬಲ್ ಎಲ್ಲೋ ಸಡಿಲ ಇರುತ್ತದೆ. ಇಂಥ ಗಾಡಿಗೆ ಎಷ್ಟು ಹೊಸ ಬ್ಯಾಟರಿ ಹಾಕಿದರೂ ಅಷ್ಟೇ.

ಚಾರ್ಜಿಂಗ್ ವೋಲ್ಟೇಜ್

ಇಂಜಿನ್ ಸ್ಟಾರ್ಟ್ ಮಾಡಿ, ಸ್ವಲ್ಪ ರೇಸ್ ಮಾಡಿ 2000 ಆರ್‌ಪಿಎಂ ಹತ್ತಿರ ಇಟ್ಟು ಬ್ಯಾಟರಿ ಮೇಲೆ ಅಳೆಯಿರಿ. ಬೆಳಿಗ್ಗೆ ತಣ್ಣಗಿರುವಾಗ 14.2ರಿಂದ 14.7 ಬಂದರೆ ಚೆನ್ನ. ಈಗ ಇದೇ ಗಾಡಿಯನ್ನು ಒಂದು ಗಂಟೆ ಓಡಿಸಿ ಮಧ್ಯಾಹ್ನ ಅಳೆಯಿರಿ. 13.6 ತೋರಿಸಬಹುದು. ಆಲ್ಟರ್ನೇಟರ್ ಹೋಯಿತು ಅಂತ ಗಾಬರಿಯಾಗಬೇಡಿ. ಬಿಸಿ ಏರಿದಂತೆ ವೋಲ್ಟೇಜ್ ಇಳಿಸಬೇಕು ಅಂತಲೇ, ಆಲ್ಟರ್ನೇಟರ್ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರನ್ನು ಮಾಡಿರುತ್ತಾರೆ, ಇಲ್ಲದಿದ್ದರೆ ಕಾದ ಬ್ಯಾಟರಿ ಕುದಿಯುತ್ತದೆ. ಡಿಗ್ರಿಗೆ ಸುಮಾರು 20 ಮಿಲಿವೋಲ್ಟ್ ಅಂತ ಹಿಡಿಯಿರಿ. 25 ಡಿಗ್ರಿಯಲ್ಲಿ 14.4 ಕೊಡುವ ಆಲ್ಟರ್ನೇಟರ್ 65 ಡಿಗ್ರಿಯಲ್ಲಿ 13.6 ಕೊಟ್ಟರೆ ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಸರಿ ಇರುವ ಎಷ್ಟೋ ಆಲ್ಟರ್ನೇಟರ್‌ಗಳನ್ನು ಈ ಒಂದು ಅಂಕಿ ನೋಡಿ ಬಿಚ್ಚಿಹಾಕುತ್ತಾರೆ.

ಇದಕ್ಕೆ ಉಲ್ಟಾ, ಕಾದಿರುವಾಗಲೂ ವೋಲ್ಟೇಜ್ ಇಳಿಯದೆ 15 ದಾಟಿ ನಿಂತರೆ ರೆಗ್ಯುಲೇಟರ್ ಹೋಗಿದೆ. ಕೆಲವು ಗಾಡಿಗಳಲ್ಲಿ ಬ್ಯಾಟರಿಯ ವೋಲ್ಟೇಜನ್ನು ಆಲ್ಟರ್ನೇಟರ್‌ಗೆ ತಿಳಿಸುವ ಸಣ್ಣ ಸೆನ್ಸ್ ವೈರ್ ಇರುತ್ತದೆ. ಅದರ ಕನೆಕ್ಟರ್ ತುಕ್ಕು ಹಿಡಿದರೂ ಹೀಗಾಗುತ್ತದೆ, ಮೊದಲು ಅದನ್ನು ನೋಡಿ. ಎಲ್ಲ ಸೆಲ್‌ಗಳಲ್ಲೂ ನೀರು ಬೇಗಬೇಗ ಖಾಲಿಯಾಗುವುದು, ಬಲ್ಬುಗಳು ಪದೇಪದೇ ಹೋಗುವುದು ಇದರದ್ದೇ ಗುರುತು. ಒಂದೇ ಸೆಲ್ ಒಣಗುತ್ತಿದ್ದರೆ ದೋಷ ಚಾರ್ಜಿಂಗಿನದ್ದಲ್ಲ. ಆ ಸೆಲ್ ಹಾಳಾಗಿದೆ ಅಥವಾ ಅಲ್ಲಿ ಡಬ್ಬ ಬಿರುಕು ಬಿಟ್ಟಿದೆ.

ಮುಂದಿನದು ಭಾರ ಹಾಕಿ ನೋಡುವುದು. ಕಾದ ಇಂಜಿನ್ ಐಡ್ಲಿಂಗಿನಲ್ಲಿ ಇರಲಿ. ಎಸಿ, ಬ್ಲೋವರ್ ಪೂರ್ತಿ, ಹೆಡ್‌ಲೈಟ್, ಹಿಂದಿನ ಗಾಜಿನ ಹೀಟರ್ ಎಲ್ಲ ಹಾಕಿ. ರೇಡಿಯೇಟರ್ ಫ್ಯಾನ್ ತಿರುಗಲು ಶುರುವಾಗುವವರೆಗೆ ಕಾಯಿರಿ. ಈಗ 13ರ ಮೇಲೆ ಇದ್ದರೆ ಸಮಾಧಾನ. 12.6ರ ಕೆಳಗೆ ಇಳಿದರೆ ಖರ್ಚಾಗುತ್ತಿರುವುದು ಬ್ಯಾಟರಿಯಿಂದ. ಇಂಜಿನ್ ಓಡುತ್ತಿದ್ದರೂ ಬ್ಯಾಟರಿ ಖಾಲಿಯಾಗುತ್ತಿದೆ ಅಂತಾಯಿತು. ಯಾಕೆ ಅಂದರೆ ತಾಮ್ರದ ತಡೆ 100 ಡಿಗ್ರಿ ಏರಿಕೆಗೆ ಸುಮಾರು ಶೇಕಡಾ 40 ಜಾಸ್ತಿಯಾಗುತ್ತದೆ. ಕಾದ ಆಲ್ಟರ್ನೇಟರ್‌ನ ರೋಟರಿನಲ್ಲಿ (ಒಳಗೆ ತಿರುಗುವ ತಾಮ್ರದ ಸುರುಳಿ) ಕರೆಂಟ್ ಕಮ್ಮಿ, ಐಡ್ಲಿಂಗಿನಲ್ಲಿ ತಿರುಗುವ ವೇಗವೂ ಕಮ್ಮಿ. ಟ್ರಾಫಿಕ್ಕಿನಲ್ಲೇ ದಿನ ಕಳೆಯುವ ಗಾಡಿಗಳ ಬ್ಯಾಟರಿ ಬೇಗ ಹೋಗಲು ಇದೇ ದೊಡ್ಡ ಕಾರಣ. ರೇಸ್ ಮಾಡಿದ ಕೂಡಲೇ 13.5 ದಾಟಿದರೆ ಆಲ್ಟರ್ನೇಟರ್ ಬಹುಮಟ್ಟಿಗೆ ಸರಿ ಇದೆ. ರೇಸ್ ಮಾಡಿದರೂ ಏರದಿದ್ದರೆ ಬೆಲ್ಟ್, ಬ್ರಷ್, ಡಯೋಡ್, ಇಲ್ಲವೇ ಈಗ ಹೇಳುವ ವೈರ್.

ಯಾರೂ ನೋಡದ ಜಾಗ

ಆಲ್ಟರ್ನೇಟರ್‌ನಿಂದ ಬ್ಯಾಟರಿಗೆ ಬರುವ ವೈರಿನ ಪರೀಕ್ಷೆಯೇ ನನ್ನ ಪಾಲಿಗೆ ಎಲ್ಲಕ್ಕಿಂತ ಮುಖ್ಯ. ಮಾಡುವವರೂ ಕಮ್ಮಿ. ಇಂಜಿನ್ 2000ದಲ್ಲಿ, ಹೆಡ್‌ಲೈಟ್ ಮತ್ತು ಬ್ಲೋವರ್ ಆನ್. ಮೀಟರ್ ಡಿಸಿ ವೋಲ್ಟಿನಲ್ಲಿ ಇರಲಿ. ಕೆಂಪು ವೈರಿನ ತುದಿ ಆಲ್ಟರ್ನೇಟರ್ ಹಿಂದಿನ ದಪ್ಪ ವೈರ್ ಕೂರುವ ಬೋಲ್ಟಿಗೆ, ಕಪ್ಪು ತುದಿ ಬ್ಯಾಟರಿ ಪಾಸಿಟಿವ್‌ಗೆ. 0.2 ವೋಲ್ಟ್ ಅಥವಾ ಕಮ್ಮಿ ಬರಬೇಕು. ಆಮೇಲೆ ಕೆಂಪು ತುದಿ ಆಲ್ಟರ್ನೇಟರ್ ಮೈಗೆ, ಕಪ್ಪು ತುದಿ ಬ್ಯಾಟರಿ ನೆಗೆಟಿವ್‌ಗೆ. ಇಲ್ಲಿ 0.1, ಹೆಚ್ಚೆಂದರೆ 0.2. ಮೀಟರ್ ವೈರು ಬೆಲ್ಟಿಗೆ, ಫ್ಯಾನಿಗೆ ಸಿಗದಂತೆ ನೋಡಿಕೊಳ್ಳಿ. ಆ ಬೋಲ್ಟಿನಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ, ಸ್ಪ್ಯಾನರ್ ಇಡುವ ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಿರಬೇಕು.

ದಿನವಿಡೀ ಎಸಿ ಹಾಕಿಕೊಂಡು ಬಾಡಿಗೆಗೆ ಓಡಿಸುವವರೊಬ್ಬರ ಗಾಡಿ ಹೀಗೇ ಬಂದಿತ್ತು. “ಅಣ್ಣಾ, ವರ್ಷದೊಳಗೆ ಇದು ಎರಡನೇ ಬ್ಯಾಟರಿ. ಈಗ ಆಲ್ಟರ್ನೇಟರ್ ಬದಲಿಸು ಅಂತಿದ್ದಾರೆ” ಅಂದರು. ಭಾರ ಹಾಕಿ ಅಳೆದರೆ ಬ್ಯಾಟರಿ ಮೇಲೆ 13.1, ಆಲ್ಟರ್ನೇಟರ್ ಬೋಲ್ಟಿನ ಮೇಲೆ 14.2. ಆಲ್ಟರ್ನೇಟರ್ ಕೊಡುತ್ತಿದೆ, ಬ್ಯಾಟರಿಗೆ ತಲುಪುತ್ತಿಲ್ಲ. ಪಾಸಿಟಿವ್ ಕಡೆಯೊಂದರಲ್ಲೇ 0.9 ವೋಲ್ಟ್ ನಡುದಾರಿಯಲ್ಲಿ ಕಳೆದುಹೋಗುತ್ತಿತ್ತು, ಉಳಿದದ್ದು ಅರ್ಥ್ (ನೆಗೆಟಿವ್) ಕಡೆ. ಬೋಲ್ಟಿನ ನಟ್ ಬಿಗಿಯಾಗಿಯೇ ಇತ್ತು. ರಬ್ಬರ್ ಟೋಪಿ ಹಿಂದಕ್ಕೆ ಸರಿಸಿದೆ. ವೈರಿನ ತುದಿಯ ಲೋಹದ ಬಳೆ, ಅಂದರೆ ಲಗ್, ಕಂದು ಬಣ್ಣಕ್ಕೆ ತಿರುಗಿತ್ತು. ಲಗ್ ಹಿಡಿದಿದ್ದ ಜಾಗದಲ್ಲಿ ತಾಮ್ರದ ಎಳೆಗಳು ಕಪ್ಪಾಗಿದ್ದವು, ಎರಡು ಬೆರಳಗಲದವರೆಗೆ ವೈರಿನ ಹೊದಿಕೆ ಗಟ್ಟಿಯಾಗಿ ಬಗ್ಗಿಸಿದರೆ ಪಟ್ಟನೆ ಸೀಳುತ್ತಿತ್ತು. ಕಪ್ಪಾದಷ್ಟನ್ನು ಕತ್ತರಿಸಿ, ಹೊಳೆಯುವ ತಾಮ್ರ ಸಿಕ್ಕ ಕಡೆ ಹೊಸ ಲಗ್ ಒತ್ತಿ ಕೂರಿಸಿದೆ. ಅರ್ಥ್ ಪಟ್ಟಿಯ ಕೆಳಗಿನ ತುಕ್ಕನ್ನೂ ಉಜ್ಜಿ ತೆಗೆದೆ. ಪಾಸಿಟಿವ್ ಕಡೆಯ ನಷ್ಟ 0.12ಕ್ಕೆ ಇಳಿಯಿತು. ಹಳೆಯ ಆಲ್ಟರ್ನೇಟರ್ ಅದೇ ಗಾಡಿಯಲ್ಲಿ ಉಳಿಯಿತು.

ಬಿಸಿಗೂ ಇದಕ್ಕೂ ನೇರ ಸಂಬಂಧ ಇದೆ. ಸ್ವಲ್ಪ ಸಡಿಲ ಇರುವ ಜೋಡಣೆ ಕಾಯುತ್ತದೆ. ಕಾದರೆ ತಾಮ್ರ ಕಪ್ಪಾಗಿ ತಡೆ ಏರುತ್ತದೆ. ತಡೆ ಏರಿದರೆ ಇನ್ನೂ ಕಾಯುತ್ತದೆ. ಬಾನೆಟ್ ಒಳಗೆ ಮೊದಲೇ ಬಿಸಿ ಇರುವ ಕಡೆ ಇದು ಬೇಗ ಮುಂದುವರಿಯುತ್ತದೆ.

ಡಯೋಡ್, ಮತ್ತೆ ರಾತ್ರಿ ಸೋರಿಕೆ

ಇಂಜಿನ್ ಓಡುತ್ತಿರುವಾಗ ಮೀಟರನ್ನು ಏಸಿ (ಆಲ್ಟರ್ನೇಟಿಂಗ್ ಕರೆಂಟ್) ವೋಲ್ಟಿಗೆ ತಿರುಗಿಸಿ ಬ್ಯಾಟರಿಗೆ ಹಿಡಿಯಿರಿ. 0.1ರೊಳಗೆ ಇದ್ದರೆ ಡಯೋಡ್‌ಗಳು ಸರಿ. 0.5 ದಾಟಿದರೆ ಒಂದಾದರೂ ಹೋಗಿದೆ. ಕೆಲವು ಅಗ್ಗದ ಮೀಟರ್‌ಗಳು ಈ ರೇಂಜಿನಲ್ಲಿ ಡಿಸಿಯನ್ನೂ ಸೇರಿಸಿ ಓದಿ 28, 30 ಅಂತ ತೋರಿಸುತ್ತವೆ. ಅಂಥ ಮೀಟರ್ ಈ ಪರೀಕ್ಷೆಗೆ ಆಗುವುದಿಲ್ಲ.

ಹೋದ ಡಯೋಡ್ ರಾತ್ರಿಯೂ ಕರೆಂಟ್ ತಿನ್ನಬಹುದು. ಅದನ್ನು ಹಿಡಿಯಲು ಮೀಟರ್‌ನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಬ್ಯಾಟರಿ ನೆಗೆಟಿವ್ ಬಿಚ್ಚಿ, ಟರ್ಮಿನಲ್ ಮತ್ತು ಕೇಬಲ್ ನಡುವೆ ಮೀಟರ್ ಸೇರಿಸಿ. ಬಾಗಿಲುಗಳು ಮುಚ್ಚಿರಲಿ, ಕೀ ದೂರ ಇರಲಿ. ಈ ಹೊತ್ತಿನಲ್ಲಿ ಸೆಲ್ಫ್ ಹೊಡೆದರೆ ಮೀಟರ್ ಸುಡುತ್ತದೆ. ಗಾಡಿಯ ಕಂಪ್ಯೂಟರ್‌ಗಳು ಮಲಗಲು ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ. 50 ಮಿಲಿಆಂಪಿಯರ್ ಒಳಗಿದ್ದರೆ ಸರಿ. 300 ಇದ್ದರೆ ದಿನಕ್ಕೆ 7 ಆಂಪಿಯರ್ ಅವರ್‌ಗೂ ಜಾಸ್ತಿ ಹೋಗುತ್ತದೆ, 45 ಆಂಪಿಯರ್ ಅವರ್ ಬ್ಯಾಟರಿ ಮೂರು ನಾಲ್ಕು ದಿನದಲ್ಲಿ ಕೈಕೊಡಬಹುದು. ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋಗಿ, ಯಾವುದಕ್ಕೆ ಅಂಕಿ ಇಳಿಯಿತು ನೋಡಿ. ಯಾವ ಫ್ಯೂಸಿಗೂ ಇಳಿಯದಿದ್ದರೆ ಆಲ್ಟರ್ನೇಟರ್‌ನ ದಪ್ಪ ವೈರ್ ಬಿಚ್ಚಿ ಮತ್ತೆ ಅಳೆಯಿರಿ. ಆಗ ಇಳಿದರೆ ಕಳ್ಳ ಡಯೋಡೇ.

ಹೊಸ ಗಾಡಿಗಳಾದರೆ

ಬ್ಯಾಟರಿ ನೆಗೆಟಿವ್ ಟರ್ಮಿನಲ್ ಮೇಲೆ ಸಣ್ಣ ಪೆಟ್ಟಿಗೆಯಂಥ ಸೆನ್ಸರ್ ಇದ್ದರೆ, ಚಾರ್ಜಿಂಗನ್ನು ಗಾಡಿಯ ಕಂಪ್ಯೂಟರ್ ನಡೆಸುತ್ತಿದೆ ಅಂತ ಅರ್ಥ. ಬ್ಯಾಟರಿ ತುಂಬಿದ್ದಾಗ ಅದು ಬೇಕೆಂತಲೇ 12.8ಕ್ಕೆ ಇಳಿಸಬಹುದು, ಬ್ರೇಕ್ ಹಿಡಿದಾಗ 15ರ ಹತ್ತಿರ ಏರಿಸಬಹುದು. ಇಂಥ ಗಾಡಿಯಲ್ಲಿ ಒಂದು ಸಲ ಅಳೆದು ತೀರ್ಪು ಕೊಡಬೇಡಿ. ಹೆಡ್‌ಲೈಟ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ. ಬಹಳಷ್ಟು ಗಾಡಿಗಳಲ್ಲಿ ಆಗ ಚಾರ್ಜಿಂಗ್ ಏರುತ್ತದೆ. ಜಂಪ್ ಸ್ಟಾರ್ಟ್ ಮಾಡುವಾಗ ನೆಗೆಟಿವ್ ಕ್ಲಿಪ್ಪನ್ನು ಸೆನ್ಸರ್ ಮೇಲೆ ಹಾಕದೆ ಗಾಡಿಯ ಅರ್ಥ್ ಜಾಗಕ್ಕೆ ಹಾಕಿ. ನಿಂತಾಗ ಇಂಜಿನ್ ತಾನೇ ಆಫ್ ಆಗುವ ಗಾಡಿಗೆ ಎಜಿಎಂ ಅಥವಾ ಇಎಫ್‌ಬಿ ಎಂಬ ಬಗೆಯ ಬ್ಯಾಟರಿಯೇ ಬೇಕು. ಸಾದಾ ಬ್ಯಾಟರಿ ಹಾಕಿದರೆ ಅದು ಪದೇಪದೇ ಸೆಲ್ಫ್ ಹೊಡೆಯುವುದನ್ನು ತಡೆದುಕೊಳ್ಳುವುದಿಲ್ಲ.

ಬದಲಿಸಲೇಬೇಕಾದರೆ

ಅಳೆದು, ದೋಷ ಬ್ಯಾಟರಿಯದೇ ಅಂತ ಖಾತ್ರಿಯಾದರೆ ಧಾರಾಳವಾಗಿ ಬದಲಿಸಿ. ತಯಾರಾದ ದಿನಾಂಕ ನೋಡಿ ಹೊಸದನ್ನೇ ಕೇಳಿ ತನ್ನಿ. ಬಿಸಿ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತ ಬ್ಯಾಟರಿಯ ಚಾರ್ಜ್ ಇಳಿದೇ ಇರುತ್ತದೆ, ಹಾಕುವ ಮೊದಲು ವೋಲ್ಟೇಜ್ ಅಳೆಯಲು ಹೇಳಿ. ಬ್ಯಾಟರಿಯ ಸುತ್ತ ಇರುವ ಪ್ಲಾಸ್ಟಿಕ್ ಹೊದಿಕೆ ಅಥವಾ ಬಟ್ಟೆಯಂಥ ಚೀಲವನ್ನು ಕೆಲಸದವರು ಎಷ್ಟೋ ಸಲ ಬಿಸಾಡಿಬಿಡುತ್ತಾರೆ. ಅದು ಇಂಜಿನ್ ಬಿಸಿ ತಡೆಯಲು ಇರುವುದು, ಕೇಳಿ ವಾಪಸ್ ಹಾಕಿಸಿ.

ಪೂರ್ತಿ ಖಾಲಿಯಾದ ಬ್ಯಾಟರಿಯನ್ನು ಜಂಪ್ ಮಾಡಿ, ಆಲ್ಟರ್ನೇಟರ್ ತುಂಬಿಕೊಳ್ಳಲಿ ಅಂತ ಬಿಸಿಲಲ್ಲಿ ಓಡಿಸುವುದು ಆಲ್ಟರ್ನೇಟರ್‌ಗೆ ಒಳ್ಳೆಯದಲ್ಲ. ಅದು ಪೂರ್ತಿ ಕರೆಂಟ್ ಕೊಡುತ್ತಾ ಕಾದು ಡಯೋಡ್ ಕಳೆದುಕೊಳ್ಳಬಹುದು. ಅಂಥ ಬ್ಯಾಟರಿಯನ್ನು ಬಿಚ್ಚಿ, ಚಾರ್ಜರ್‌ನಲ್ಲಿ ನಿಧಾನವಾಗಿ ರಾತ್ರಿಯಿಡೀ ತುಂಬಿಸಿ. ಚಾರ್ಜ್ ಆಗುವಾಗ ಮುಟ್ಟಿದರೆ ಕೈಗೆ ಬಿಸಿ ಹತ್ತುವಷ್ಟು ಕಾದರೆ ನಿಲ್ಲಿಸಿ, ತಣ್ಣಗಾದಮೇಲೆ ಮುಂದುವರಿಸಿ. ತುಂಬಿದಮೇಲೆ ಒಂದು ದಿನ ಸುಮ್ನೆ ಇಟ್ಟು ವೋಲ್ಟೇಜ್ ನೋಡಿ. 12.5ರ ಮೇಲೆ ನಿಂತರೆ ಗಾಡಿಗೆ ಹಾಕಿ, ಸೆಲ್ಫ್ ಹೊಡೆದು ಇನ್ನೊಮ್ಮೆ ಅಳೆಯಿರಿ. 12.2ಕ್ಕೆ ಇಳಿದಿದ್ದರೆ ಅದನ್ನು ಹಳೆ ಬ್ಯಾಟರಿ ತೆಗೆದುಕೊಳ್ಳುವವರಿಗೇ ಕೊಡಿ, ಕಸಕ್ಕೆ ಹಾಕಬೇಡಿ.